ಕೆಂಪಿನ ಹತ್ತಿರ ಹೋದ ಬೆರಳು

ಲೋ ಗೆಳೆಯಾ,

ನಿನ್ನ ಛತ್ರಿ ಇನ್ನೂ ನನ್ನ ಹತ್ತಿರವೇ ಇದೆ. ಕೇಳಬೇಡ.

ಸೋಮವಾರ ಹತ್ತಕ್ಕೆ ನಮ್ಮ ಮೀಟಿಂಗ್. ಸಿಲ್ಕ್ ಬೋರ್ಡ್ ದಾಟಿ ಬರುವಷ್ಟರಲ್ಲೇ ಅರ್ಧ ಜನ ಸುಸ್ತು. ಆಮೇಲೆ ಒಬ್ಬೊಬ್ಬರೇ ಹೋದ ವಾರದ ಕೆಲಸವನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಸಮಸ್ಯೆ ಮಾತಿಗೆ ಬರುವ ಹೊತ್ತಿಗೆ ಮುಂದಿನ ಮೀಟಿಂಗಿನವರು ಬಾಗಿಲಲ್ಲಿ.

ಅದಕ್ಕೇ ಎಲ್ಲ ಬದಲಿಸಿದೆ. ವರದಿ ಶುಕ್ರವಾರ ಸಂಜೆಯೇ ಬರೆದು ಕಳಿಸಬೇಕು. 90 ನಿಮಿಷದಲ್ಲಿ 60 ಸಮಸ್ಯೆಗೇ ಮೀಸಲು. ಮೊದಲು ಬೇರು ಹುಡುಕಬೇಕು, ಕೊನೆಗೆ ಯಾರು, ಯಾವತ್ತಿಗೆ ಅಂತ ಬರೆಯಬೇಕು. 'ನೋಡೋಣ' ಅನ್ನುವ ಹಾಗಿಲ್ಲ. (ನೀನಾಗಿದ್ದರೆ ಮೊದಲ ವಾರವೇ ಮೂಕನಾಗುತ್ತಿದ್ದೆ.)

ಬೋರ್ಡಿನ ಮೇಲೆ ಬಂದ ಸಮಸ್ಯೆ ಎರಡೇ: ಏಸಿ, ಕಾಫಿ ಮಷಿನ್.

ಆಗ ಫೋರ್ಡ್ ಕಥೆ ಹೇಳಿದೆ, ಸ್ವಲ್ಪ ಜಾಸ್ತಿಯೇ ನಟಿಸಿ. 2006ರಲ್ಲಿ ಅಲನ್ ಮುಲಾಲಿ ಅಲ್ಲಿಗೆ ಸಿಇಒ ಆಗಿ ಬಂದಾಗ ಗುರುವಾರದ ಮೀಟಿಂಗಿನಲ್ಲಿ ಚಾರ್ಟೆಲ್ಲ ಹಸಿರು. ಹಸಿರು ಅಂದರೆ ಎಲ್ಲ ಸರಿ, ಕೆಂಪು ಅಂದರೆ ತೊಂದರೆ. ಕಂಪನಿ ಮಾತ್ರ ಆ ವರ್ಷ ಕಳೆದುಕೊಂಡದ್ದು 1,200 ಕೋಟಿ ಡಾಲರಿಗೂ ಜಾಸ್ತಿ. ಕೊನೆಗೆ ಅಲ್ಲಿನ ಹಿರಿಯ ಅಧಿಕಾರಿ ಮಾರ್ಕ್ ಫೀಲ್ಡ್ಸ್ ಕೆಂಪು ತೋರಿಸಿದರು, ಹೊಸ ಕಾರಿನ ಹಿಂಬಾಗಿಲ ತೊಂದರೆ. ಇವರ ಕಥೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರೆ, ಮುಲಾಲಿ ಚಪ್ಪಾಳೆ ತಟ್ಟಿದರು.

ನಮ್ಮವರೂ ತಟ್ಟಿದರು. ನನಗೆ!

ಆಮೇಲೆ ದರ್ಶಿನಿಯಲ್ಲಿ ಬೈಟು ಕಾಫಿ ಹಿಡಿದು ಹೊಸ ಹುಡುಗಿ ಮೆಲ್ಲಗೆ ಅಂದಳು: "ಸರ್, ಪೇಮೆಂಟಿನಲ್ಲಿ ಒಂದು ತೊಂದರೆ ಇದೆ, ನನಗೆ ಮೂರು ವಾರದಿಂದ ಗೊತ್ತಿತ್ತು. 'ಸಮಸ್ಯೆ ತರಬೇಡಿ, ಪರಿಹಾರ ತನ್ನಿ' ಅಂತೀರಲ್ಲ. ನನ್ನ ಹತ್ತಿರ ಪರಿಹಾರ ಇರಲಿಲ್ಲ."

ಕಾಫಿ ಆರಿತು ಕಣೋ. ಆ ಮಾತು ನನ್ನದೂ ಅಲ್ಲ. ನಮ್ಮ ಮೊದಲ ಆಫೀಸಿನ ಬಾಸ್ ಹೇಳುತ್ತಿದ್ದದ್ದು. ಅದಕ್ಕೆ ನಾವಿಬ್ಬರೂ ಟೆರೇಸಿನಲ್ಲಿ ನಿಂತು ಅವರನ್ನು ಎಷ್ಟು ಬೈದಿದ್ದೆವು, ಅಲ್ವಾ? ಯಾವಾಗ ಅದು ನನ್ನ ಬಾಯಿಗೆ ಬಂತೋ ತಿಳಿಯದು.

ಇನ್ನೊಂದು. ಓದುತ್ತಿರುವ ಉಳಿದವರು ಈ ಸಾಲು ಬಿಟ್ಟುಬಿಡಿ. ಅವತ್ತೇ ಸಂಜೆ ಮೇಲಿನವರಿಗೆ ನಾನು ಕಳಿಸಿದ ಪಟ್ಟಿಯಲ್ಲಿ ಪೇಮೆಂಟ್ ಸಾಲು ಹಸಿರೇ ಇತ್ತು. ಬೆರಳು ಕೆಂಪಿನ ಹತ್ತಿರ ಹೋಗಿ ವಾಪಸ್ ಬಂತು. ಅಲ್ಲಿ ಚಪ್ಪಾಳೆ ತಟ್ಟುವವರು ಯಾರೂ ಇಲ್ಲ ಅಂತ ನನಗೆ ಗೊತ್ತು.

ಇರಲಿ ಬಿಡು, ಸುಮ್ನೆ ಹೇಳಿದೆ. ಕಾಫಿ ಮಷಿನ್ ಮಾತ್ರ ರಿಪೇರಿಯಾಯಿತು. ಹೆಸರು, ತಾರೀಖು ಎರಡೂ ಬರೆದಿದ್ದೆವು.

ಶನಿವಾರ ಸಿಗುತ್ತೀಯಾ? 'ನೋಡೋಣ' ಅನ್ನಬೇಡ.

ಇಂತಿ,
ಛತ್ರಿ ಕಳ್ಳ