ದ್ವಿತೀಯ ಪಿಯುಸಿ ಮುಗಿಸಿದ ಮಕ್ಕಳ ಪೋಷಕರಿಗೆ: ನರ್ಸಿಂಗ್ ಬಗ್ಗೆ ಒಂದು ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ಸಿಇಟಿ ಫಲಿತಾಂಶ ಬಂತು, ನೀಟ್ ಫಲಿತಾಂಶವೂ ಬಂತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ನಮ್ಮ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ದಡ ಸೇರಿವೆ. ನಮ್ಮ ಎಷ್ಟೋ ಮಕ್ಕಳ ಅಪ್ಪಂದಿರು ಈಗ ಮನೆಯಲ್ಲೇ ಇದ್ದಾರೆ. ಅಪ್ಪ, ಅಮ್ಮ, ಮಗು ಒಟ್ಟಿಗೆ ಕುಳಿತು ಮುಂದಿನ ಓದಿನ ಬಗ್ಗೆ ಮಾತಾಡಲು ಇಂಥ ಸಮಯ ಮತ್ತೆ ಸಿಗುವುದಿಲ್ಲ. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಈ ವರ್ಷ ಕೆಲವು ಮಕ್ಕಳು ನನ್ನ ಕೋಣೆಗೆ ಬಂದು ಒಂದೇ ಥರದ ಮಾತು ಹೇಳಿದರು. ಇಷ್ಟು ವರ್ಷ ಏನೋ ಆಗಬೇಕು ಅಂದುಕೊಂಡಿದ್ದೆ ಮೇಡಂ, ಈಗ ಅದನ್ನು ಬಿಟ್ಟು ನರ್ಸಿಂಗ್ ಓದಬೇಕು ಅನ್ನಿಸುತ್ತಿದೆ, ಮನೆಯಲ್ಲಿ ಹೇಳಲು ಹೆದರಿಕೆ ಅಂತ. ಅವರ ಪರವಾಗಿ ನಿಮ್ಮಲ್ಲಿ ಒಂದು ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಮಗು ಯೋಚಿಸಿ ನರ್ಸಿಂಗ್ ಎಂದರೆ, ‘ಬೇರೆ ಏನೂ ಸಿಗಲಿಲ್ಲ, ಅದಕ್ಕೇ ಇದು’ ಎಂದು ದಯವಿಟ್ಟು ಹೇಳಬೇಡಿ. ನೆಂಟರ ಮುಂದೆಯೂ ಹೇಳಬೇಡಿ. ಆ ಮಾತನ್ನು ಮಕ್ಕಳು ಹಾಸ್ಟೆಲಿನವರೆಗೂ ಹೊತ್ತುಕೊಂಡು ಹೋಗುತ್ತಾರೆ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನನ್ನೂ ಮನೆಯವರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇಡ. ಚಿಕ್ಕಂದಿನಿಂದ ಅವನಿಗೆ ನೇವಿ ಹುಚ್ಚು. ಕಾರವಾರದ ಮಕ್ಕಳಿಗೆ ಇದು ಸಹಜವೇ. ಟ್ಯಾಗೋರ್ ಕಡಲತೀರದಲ್ಲಿ ಮ್ಯೂಸಿಯಂ ಮಾಡಿ ನಿಲ್ಲಿಸಿದ ಚಾಪೆಲ್ ಯುದ್ಧನೌಕೆಯನ್ನು ಹತ್ತಿ ಇಳಿಯದ ಮಗು ನಮ್ಮಲ್ಲಿ ಕಡಿಮೆ. ಅಂಕೋಲೆ ಕಡೆ ಬಸ್ಸಿನಲ್ಲಿ ಹೋದರೆ ಅರಗಾದ ನೌಕಾನೆಲೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹುಡುಗ ಬೆಳಕು ಹರಿಯುವ ಮೊದಲೇ ಎದ್ದು ಮರಳಿನಲ್ಲಿ ಓಡಿದ, ಅಗ್ನಿವೀರ್ ಪರೀಕ್ಷೆ ಬರೆದ, ದೈಹಿಕ ಪರೀಕ್ಷೆಯಲ್ಲೂ ಪಾಸಾದ. ಕೊನೆಗೆ ವೈದ್ಯಕೀಯ ತಪಾಸಣೆಯಲ್ಲಿ ದೃಷ್ಟಿದೋಷ ಅಂತ ಹೊರಗುಳಿದ. ಅವನ ಶ್ರಮದಲ್ಲಿ ಏನೂ ಕೊರತೆ ಇರಲಿಲ್ಲ. ಮನೆಗೆ ಬಂದವನು ಯಾರ ಜೊತೆಗೂ ಮಾತಾಡದೆ ಸುಮ್ನೆ ಮಲಗಿರುತ್ತಿದ್ದ ಎಂದು ಅವನ ತಾಯಿ ಹೇಳಿದರು.

ಅದೇ ಹೊತ್ತಿಗೆ ಅವನ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಸ್ಪತ್ರೆಯಲ್ಲಿ ರಾತ್ರಿ ನಿಲ್ಲಲು ಮನೆಯಲ್ಲಿ ಬಿಡುವಾಗಿದ್ದವನು ಇವನೊಬ್ಬನೇ. ಆ ವಾರ್ಡಿನಲ್ಲಿ ಒಬ್ಬ ಬ್ರದರ್, ಅಂದರೆ ಗಂಡು ನರ್ಸ್, ಇದ್ದರು. ಹಾಸಿಗೆ ಹಿಡಿದವರನ್ನು ಹಾಗೇ ಬಿಟ್ಟರೆ ಬೆನ್ನಿಗೆ, ಸೊಂಟಕ್ಕೆ ಹುಣ್ಣಾಗುತ್ತದೆ. ಅದಕ್ಕೆ ಎರಡು ಗಂಟೆಗೊಮ್ಮೆಯಾದರೂ ಮಗ್ಗುಲು ಬದಲಿಸಬೇಕು. ಮುರಿದ ಮೂಳೆ ಇರುವವರನ್ನು ಹೇಗೆಂದರೆ ಹಾಗೆ ಎಳೆಯುವಂತಿಲ್ಲ. ಕಾಲುಗಳ ನಡುವೆ ದಿಂಬಿಟ್ಟು, ಭುಜವನ್ನೂ ಸೊಂಟವನ್ನೂ ಒಟ್ಟಿಗೆ ಹಿಡಿದು, ಮೈ ತಿರುಚದಂತೆ ಒಂದೇ ಸಲ ಹೊರಳಿಸಬೇಕು. ಕೈ ಎಲ್ಲಿಡಬೇಕು ಎಂದು ಆ ಬ್ರದರ್ ಹುಡುಗನಿಗೆ ತೋರಿಸಿಕೊಟ್ಟರು. ಹೊರಳಿಸುವ ಮೊದಲು ಪ್ರತಿ ಸಲವೂ ‘ಅಜ್ಜಿ, ಈಗ ಎಡಕ್ಕೆ ತಿರುಗಿಸ್ತೇವೆ ಹಾಂ’ ಎಂದು ಹೇಳಿಯೇ ಮುಟ್ಟುತ್ತಿದ್ದರಂತೆ. ಅಜ್ಜಿ ನಿದ್ದೆಯಲ್ಲಿದ್ದರೂ ಹೇಳುತ್ತಿದ್ದರಂತೆ. ಹುಡುಗ ನನ್ನ ಎದುರು ಕುಳಿತು ಇದನ್ನೆಲ್ಲ ಕೈ ಆಡಿಸಿ ತೋರಿಸಿದ. ‘ಅಜ್ಜಿ ಬೆನ್ನಿಗೆ ಒಂದು ಗಾಯ ಆಗ್ಲಿಲ್ಲ ಮೇಡಂ’ ಎಂದ. ನೇವಿ ಕೈತಪ್ಪಿದ ಮೇಲೆ ಅವನ ಮುಖ ಹಾಗೆ ಅರಳಿದ್ದನ್ನು ನಾನು ನೋಡಿದ್ದು ಅವತ್ತೇ.

ಅವನ ತಂದೆ ಬಂದು ಕೇಳಿದ್ದು ಒಂದೇ ಪ್ರಶ್ನೆ: ‘ಗಂಡು ಹುಡ್ಗ ಸಿಸ್ಟರ್ ಕೆಲ್ಸಕ್ಕೆ ಹೋಗೂದಾ ಮೇಡಂ?’ ನಿಮ್ಮಲ್ಲೂ ಕೆಲವರ ಮನಸ್ಸಿನಲ್ಲಿ ಇದು ಇರಬಹುದು. ಹೌದು, ಹೋಗಬಹುದು. ತುರ್ತು ಚಿಕಿತ್ಸಾ ಘಟಕ, ಆಪರೇಷನ್ ಥಿಯೇಟರ್, ಐಸಿಯು, ಡಯಾಲಿಸಿಸ್, ಮೂಳೆ ವಿಭಾಗ, ಮಾನಸಿಕ ಆರೋಗ್ಯ, ಎಲ್ಲ ಕಡೆ ಗಂಡುಮಕ್ಕಳು ನರ್ಸ್ ಆಗಿ ಕೆಲಸ ಮಾಡುತ್ತಿದ್ದಾರೆ. ನಮ್ಮ ಮನೆಯ ಹಿರಿಯ ಗಂಡಸರಿಗೆ ಮೈ ಒರೆಸಲು, ಮೂತ್ರದ ಕೊಳವೆ ಹಾಕಲು ಬ್ರದರ್ ಬಂದರೆ ಎಷ್ಟು ಸಂಕೋಚ ಕಡಿಮೆಯಾಗುತ್ತದೆ ಎಂಬುದು ಆಸ್ಪತ್ರೆಯಲ್ಲಿ ನಿಂತವರಿಗೆ ಗೊತ್ತು. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಕೇಂದ್ರ ಸರ್ಕಾರದ ಏಮ್ಸ್ ಆಸ್ಪತ್ರೆಗಳ ನರ್ಸಿಂಗ್ ಆಫೀಸರ್ ನೇಮಕಾತಿಯಲ್ಲಿ ಮಹಿಳೆಯರಿಗೆ 80, ಪುರುಷರಿಗೆ 20 ಎಂಬ ಅನುಪಾತ ಇದೆ. ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ಬಿಎಸ್ಸಿ ಕೋರ್ಸ್‌ಗೆ ಹೆಣ್ಣುಮಕ್ಕಳನ್ನು ಮಾತ್ರ ತೆಗೆದುಕೊಳ್ಳುತ್ತಾರೆ. ಸಮವಸ್ತ್ರದ ಆಸೆ ಇರುವ ನಮ್ಮ ಹುಡುಗಿಯರು ಇದನ್ನು ನೋಡಿಕೊಳ್ಳಿ, ಅದಕ್ಕೆ ನೀಟ್ ಬರೆದಿರಬೇಕು.

ಇನ್ನು ನೀಟ್ ವಿಷಯ. ಡಾಕ್ಟರ್ ಆಗಬೇಕೆಂದು ಎರಡು ವರ್ಷ ಕಷ್ಟಪಟ್ಟು ಓದಿದ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಇದ್ದಾರೆ. 2024ರಲ್ಲಿ ದೇಶದಲ್ಲಿ 23 ಲಕ್ಷಕ್ಕೂ ಜಾಸ್ತಿ ಮಕ್ಕಳು ನೀಟ್ ಬರೆದರು. ಎಂಬಿಬಿಎಸ್ ಸೀಟುಗಳು ಒಂದು ಲಕ್ಷ ಚಿಲ್ಲರೆ. ಅದರಲ್ಲೂ ನಮ್ಮಂಥವರ ಕೈಗೆ ಎಟುಕುವ ಸರ್ಕಾರಿ ಸೀಟು ಇನ್ನೂ ಕಡಿಮೆ. ಲೆಕ್ಕ ಹೀಗಿರುವಾಗ ಸೀಟು ಸಿಗದ ಮಗು ದಡ್ಡ ಅಂತಲ್ಲ. ಕೆಲವರು ಮಂಗಳೂರು, ಮೂಡುಬಿದಿರೆ ಕಡೆ, ನೀಟ್ ಮತ್ತೆ ಬರೆಯಲು ವರ್ಷವಿಡೀ ಕೋಚಿಂಗ್ ಕೊಡುವ ಲಾಂಗ್ ಟರ್ಮ್‌ಗೆ ಸೇರುತ್ತಾರೆ. ಮಗುವಿಗೆ ಮನಸ್ಸಿದ್ದು, ಅಂಕ ಸಮೀಪದಲ್ಲಿದ್ದರೆ ಒಂದು ವರ್ಷ ಕೊಡಿ, ನಾನು ಬೇಡ ಅನ್ನುವುದಿಲ್ಲ. ಆದರೆ ಸಾಕು ಎಂದು ಮಗುವೇ ಹೇಳುತ್ತಿರುವಾಗ, ಸಾಲ ಮಾಡಿ ಮತ್ತೊಂದು ವರ್ಷ ಅದೇ ಪುಸ್ತಕದ ಮುಂದೆ ಕೂರಿಸಬೇಡಿ. ಡಾಕ್ಟರ್ ಆಗಬೇಕೆಂಬ ಆಸೆ ಬಿಡುವಾಗ ಮಗುವಿಗೆ ದುಃಖ ಆಗುತ್ತದೆ. ಅತ್ತರೆ ಅಳಲಿ. ಆ ದುಃಖ ಇಳಿಯುವ ಮೊದಲು ಅರ್ಜಿ ತುಂಬಿಸಲು ಅವಸರ ಮಾಡಬೇಡಿ, ಕೊನೆಯ ದಿನಾಂಕ ಮಾತ್ರ ನೆನಪಿಡಿ.

ಓದಿದ್ದೆಲ್ಲ ವ್ಯರ್ಥವಾಯಿತಲ್ಲ ಎಂದು ಒಬ್ಬ ತಾಯಿ ಕೇಳಿದರು. ವ್ಯರ್ಥ ಹೇಗಾಗುತ್ತದೆ? ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಶರೀರ ರಚನೆ, ಶರೀರ ಕ್ರಿಯೆ, ಜೀವರಸಾಯನ, ಸೂಕ್ಷ್ಮಜೀವಿ, ಔಷಧ ಶಾಸ್ತ್ರ, ರೋಗಶಾಸ್ತ್ರ ಎಲ್ಲ ಇದೆ. ಮುಂದೆ ಮಕ್ಕಳ ಆರೈಕೆ, ಹೆರಿಗೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ. ಜೀವಶಾಸ್ತ್ರ ಪ್ರೀತಿಯಿಂದ ಓದಿದ ಮಗುವಿಗೆ ಅಲ್ಲಿ ಕೈ ತುಂಬ ಕೆಲಸ.

ನರ್ಸ್ ಅಂದರೆ ಡಾಕ್ಟರ್ ಹೇಳಿದ್ದನ್ನು ಮಾಡುವವರು, ಅಷ್ಟೇ ಅಲ್ವಾ ಎಂಬ ಮಾತೂ ಕೇಳಿದ್ದೇನೆ. ಒಂದು ಸಣ್ಣ ಲೆಕ್ಕ ಹೇಳುತ್ತೇನೆ. 500 ಮಿಲಿಲೀಟರ್ ಸಲೈನ್ ನಾಲ್ಕು ಗಂಟೆಯಲ್ಲಿ ಹೋಗಬೇಕು ಎಂದು ಡಾಕ್ಟರ್ ಬರೆದು ಹೋಗುತ್ತಾರೆ. ಪಂಪ್ ಇಲ್ಲದ ವಾರ್ಡಿನಲ್ಲಿ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕು ಎಂಬುದು ನರ್ಸ್ ಲೆಕ್ಕ. ಮಾಮೂಲಿ ಡ್ರಿಪ್ ಸೆಟ್‌ನಲ್ಲಿ ಒಂದು ಮಿಲಿಲೀಟರ್‌ಗೆ 20 ಹನಿ. ಅಂದರೆ 10,000 ಹನಿ, 240 ನಿಮಿಷ. ನಿಮಿಷಕ್ಕೆ ಸುಮಾರು 42 ಹನಿ. ಗಡಿಯಾರ ನೋಡುತ್ತಾ, ಹನಿ ಎಣಿಸುತ್ತಾ, ಕೊಳವೆಯ ಚಕ್ರವನ್ನು ಚೂರು ಚೂರೇ ತಿರುಗಿಸಿ ಹೊಂದಿಸಬೇಕು. ಹೃದಯ ದುರ್ಬಲ ಇರುವ ಮುದುಕರಿಗೆ ಅದು ಬೇಗ ಹರಿದುಬಿಟ್ಟರೆ ಉಸಿರಾಟಕ್ಕೇ ತೊಂದರೆ. ಲೆಕ್ಕ ಕಷ್ಟದ್ದಲ್ಲ, ನಮ್ಮ ಹೈಸ್ಕೂಲ್ ಮಕ್ಕಳೂ ಮಾಡುತ್ತಾರೆ. ರಾತ್ರಿ ಎರಡು ಗಂಟೆಗೆ, ಅತ್ತ ಇನ್ನೊಬ್ಬರು ಕೂಗುತ್ತಿರುವಾಗ, ತಪ್ಪದೆ ಮಾಡಬೇಕು. ಡಾಕ್ಟರ್ ಬಂದು ಹೋಗುವ ಎರಡು ಹೊತ್ತಿನ ನಡುವೆ ರೋಗಿಯ ಮೈಬಣ್ಣ, ಉಸಿರು, ಮಾತು ಬದಲಾದದ್ದನ್ನು ಮೊದಲು ಕಾಣುವವರು, ಕೂಡಲೇ ಫೋನ್ ಮಾಡಿ ಕರೆಸುವವರು ನರ್ಸ್. ಇದಕ್ಕೆ ತಲೆ ಬೇಕು, ಧೈರ್ಯವೂ ಬೇಕು.

ನಮ್ಮ ಜಿಲ್ಲೆಗೆ ಇದು ಇನ್ನೂ ಹತ್ತಿರದ ಮಾತು. ದೊಡ್ಡ ಕಾಯಿಲೆ ಬಂದರೆ ನಾವು ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ, ಗೋವಾದ ಬಾಂಬೋಳಿಗೋ ಓಡುತ್ತೇವೆ. ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಜಿಲ್ಲೆಯ ಜನ ದೊಡ್ಡ ಅಭಿಯಾನವನ್ನೇ ಮಾಡಿದರು, ನಮ್ಮ ಮಕ್ಕಳೂ ಅದರಲ್ಲಿದ್ದರು. ಕಟ್ಟಡ ಕಟ್ಟಿದರೆ ಸಾಲದು, ಒಳಗೆ ಕೆಲಸ ಬಲ್ಲವರು ಬೇಕು. ಹಳ್ಳಿಯ ಆರೋಗ್ಯ ಉಪಕೇಂದ್ರಗಳಲ್ಲಿ ಈಗ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹುದ್ದೆ ಇದೆ. ಅಲ್ಲಿರುವ ಬಹಳಷ್ಟು ಜನ ಬಿಎಸ್ಸಿ ನರ್ಸಿಂಗ್ ಓದಿದವರೇ. ಬಿಪಿ, ಸಕ್ಕರೆ ಕಾಯಿಲೆ ತಪಾಸಣೆ, ಔಷಧ ಕೊಡುವುದು, ಇ-ಸಂಜೀವನಿ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಡಾಕ್ಟರ ಜೊತೆ ಮಾತಾಡಿಸುವುದು ಅವರ ಕೆಲಸ. ಜೋಯಿಡಾದ, ಅಂಕೋಲೆಯ ಗುಡ್ಡದ ಊರುಗಳಿಂದ ರೋಗಿಗಳನ್ನು ಜೋಲಿಯಲ್ಲಿ ಹೊತ್ತು ತರುವ ಸುದ್ದಿ ನಾವು ಓದುತ್ತಲೇ ಇರುತ್ತೇವೆ. ಅಂಥ ಕಡೆ ನಮ್ಮ ಭಾಷೆ ಬಲ್ಲ, ಕೊಂಕಣಿಯೂ ಬರುವ ಒಬ್ಬ ನರ್ಸ್ ಇದ್ದರೆ ಎಷ್ಟು ವ್ಯತ್ಯಾಸ ಆಗುತ್ತದೆ ಯೋಚಿಸಿ.

ದಾರಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಬಿಎಸ್ಸಿ ನರ್ಸಿಂಗ್‌ಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿರಬೇಕು. ಸಾಮಾನ್ಯ ವರ್ಗಕ್ಕೆ ಕನಿಷ್ಠ ಶೇ 45, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ 40. ವಯಸ್ಸು 17 ತುಂಬಬೇಕು. ಸರ್ಕಾರಿ ಕೋಟಾದ ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ. ಕಲಾ, ವಾಣಿಜ್ಯ ಓದಿದವರಿಗೂ ನರ್ಸಿಂಗ್‌ನಲ್ಲೇ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಇದೆ. ಅದು ಮುಗಿಸಿ ಎರಡು ವರ್ಷದ ಪೋಸ್ಟ್ ಬೇಸಿಕ್ ಮಾಡಿದರೆ ಬಿಎಸ್ಸಿ ಪದವಿಯೇ ಸಿಗುತ್ತದೆ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ, ಅದನ್ನು ನಮ್ಮ ಕಚೇರಿಯಲ್ಲೇ ಹಾಕಿಕೊಡುತ್ತೇವೆ.

ಈಗ ನಾನು ಜಾಸ್ತಿ ಚಿಂತೆ ಮಾಡುವ ವಿಷಯ: ಏಜೆಂಟರು. ಫಲಿತಾಂಶ ಬಂದ ದಿನದಿಂದ ಮನೆಮನೆಗೆ ಫೋನ್ ಬರುತ್ತಿದೆ. ಬೆಂಗಳೂರಿನಲ್ಲಿ ಸೀಟು ಇದೆ, ಇವತ್ತೇ ಅಡ್ವಾನ್ಸ್ ಹಾಕಿ, ಹಾಸ್ಟೆಲ್ ಉಚಿತ, ಹಾಜರಾತಿ ಚಿಂತೆ ಬೇಡ ಅನ್ನುತ್ತಾರೆ. ಹಾಜರಾತಿ ಬೇಡ ಅನ್ನುವ ಕಾಲೇಜಿನಿಂದ ದೂರ ಇರಿ. ವಾರ್ಡಿನಲ್ಲಿ ನಿಲ್ಲದೆ ನರ್ಸಿಂಗ್ ಬರುವುದಿಲ್ಲ, ನಾಳೆ ಅದರಿಂದ ಅಪಾಯ ರೋಗಿಗೆ. ಮೂಲ ಅಂಕಪಟ್ಟಿಯನ್ನು ಯಾವ ಏಜೆಂಟನ ಕೈಗೂ ಕೊಡಬೇಡಿ. ಕಾಲೇಜಿಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯೇ, ಬಿಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ ನೋಡಿ. ಮುಂದೆ ಬೇರೆ ರಾಜ್ಯಕ್ಕೆ, ವಿದೇಶಕ್ಕೆ ಹೋಗುವ ಯೋಚನೆ ಇದ್ದರೆ ಭಾರತೀಯ ನರ್ಸಿಂಗ್ ಕೌನ್ಸಿಲ್ ಪಟ್ಟಿಯಲ್ಲೂ ಹೆಸರು ಹುಡುಕಿ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳನ್ನು ತರಬೇತಿಗೆ ಯಾವ ಆಸ್ಪತ್ರೆಗೆ ಕಳಿಸುತ್ತಾರೆ, ಅಲ್ಲಿ ಎಷ್ಟು ಹಾಸಿಗೆ ಇದೆ ಎಂದು ಕೇಳಿ. ಸಾಧ್ಯವಾದರೆ ಒಮ್ಮೆ ಹೋಗಿ ಕಣ್ಣಾರೆ ನೋಡಿ ಬನ್ನಿ.

ಸಂಬಳದ ಮಾತನ್ನೂ ಮುಚ್ಚಿಡುವುದಿಲ್ಲ. ಸಣ್ಣ ಖಾಸಗಿ ಆಸ್ಪತ್ರೆಗಳಲ್ಲಿ ಶುರುವಿನ ಸಂಬಳ ಕಡಿಮೆ, ರಾತ್ರಿ ಪಾಳಿ ತಪ್ಪುವುದಿಲ್ಲ, ನಿಂತೇ ಇರಬೇಕು. ಕೇಂದ್ರ ಸರ್ಕಾರದ ನರ್ಸಿಂಗ್ ಆಫೀಸರ್ ಹುದ್ದೆಯಾದರೆ ಏಳನೇ ವೇತನ ಆಯೋಗದಂತೆ ಮೂಲ ವೇತನವೇ 44,900 ರೂಪಾಯಿಯಿಂದ ಶುರು, ಆದರೆ ಅದಕ್ಕೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು. ವಿದೇಶಕ್ಕೆ ಆ ದೇಶದ ಭಾಷಾ ಪರೀಕ್ಷೆ, ನೋಂದಣಿ ಎಲ್ಲ ಆಗಬೇಕು. ವಿದೇಶದ ಸಂಬಳ ಕೇಳಿ ಮಾತ್ರ ಮಗುವನ್ನು ಇದಕ್ಕೆ ತಳ್ಳಬೇಡಿ. ಮಗುವಿಗೆ ಮನಸ್ಸಿಲ್ಲದಿದ್ದರೆ, ಇನ್ನೊಬ್ಬರ ವಾಂತಿ, ಗಾಯ, ಸಿಟ್ಟು ಸಹಿಸಲು ಆಗದು ಅನ್ನಿಸಿದರೆ, ಬೇರೆ ಎಷ್ಟೋ ಓದು ಇದೆ. ಮನಸ್ಸಿಲ್ಲದವರನ್ನು ರೋಗಿಯ ಪಕ್ಕ ನಿಲ್ಲಿಸುವುದು ಇಬ್ಬರಿಗೂ ಅನ್ಯಾಯ.

ಬರುವ ಶನಿವಾರ ಬೆಳಿಗ್ಗೆ ಹತ್ತೂವರೆಗೆ ಕಾಲೇಜಿನ ಸಭಾಂಗಣದಲ್ಲಿ ಈ ಬಗ್ಗೆ ಮಾತಾಡೋಣ. ನಮ್ಮಲ್ಲೇ ಓದಿ ಈಗ ನರ್ಸ್ ಆಗಿರುವ ಇಬ್ಬರು ಹಳೆಯ ವಿದ್ಯಾರ್ಥಿಗಳು ಬರುತ್ತಾರೆ, ಒಬ್ಬ ಹುಡುಗಿ, ಒಬ್ಬ ಹುಡುಗ. ಪಾಳಿ, ಹಾಸ್ಟೆಲ್, ಸಂಬಳ ಏನು ಬೇಕಾದರೂ ನೇರವಾಗಿ ಅವರನ್ನೇ ಕೇಳಿ. ಮಗುವನ್ನೂ ಜೊತೆಗೆ ಕರೆತನ್ನಿ. ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಆಧಾರ್, ಸಿಇಟಿ ಪ್ರವೇಶಪತ್ರ ಇವುಗಳ ಜೆರಾಕ್ಸ್ ತಂದರೆ ಸಾಕು. ಮಳೆ ಜೋರಾಗಿ ರಜೆ ಘೋಷಣೆಯಾದರೆ ಸಭೆ ಸೋಮವಾರ ಮಧ್ಯಾಹ್ನ ಮೂರಕ್ಕೆ. ಯಾವ ಏಜೆಂಟನಿಗಾದರೂ ಹಣ ಕೊಟ್ಟಿದ್ದರೆ ಶನಿವಾರದವರೆಗೆ ಕಾಯಬೇಡಿ, ನಾಳೆಯೇ ರಸೀದಿ ಸಮೇತ ಕಚೇರಿಗೆ ಬನ್ನಿ.

ನಿಮ್ಮ ವಿಶ್ವಾಸಿ,
ಪ್ರಾಂಶುಪಾಲರು