ಮಕ್ಕಳ ಮೈಮೇಲಿನ ಗಂಟಿಗೆ ಸುಣ್ಣ-ಬೆಲ್ಲವೂ ಬೇಡ, ಅವಸರದ ಕೊಯ್ತವೂ ಬೇಡ

ಮಾನ್ಯ ಸಂಪಾದಕರೇ,

ಮಕ್ಕಳ ಕುತ್ತಿಗೆ, ಹುಬ್ಬು, ಬೆನ್ನಿನ ಮೇಲೆ ಕಾಣಿಸಿಕೊಳ್ಳುವ ಗಂಟು ನೋಯದಿದ್ದರೆ ‘ದೊಡ್ಡವನಾದ ಮೇಲೆ ಕರಗುತ್ತದೆ ಬಿಡಿ’ ಎನ್ನುವುದು, ಕೆಂಪಾಗಿ ಊದಿಕೊಂಡರೆ ಕುರುವೆಂದು ಸುಣ್ಣ-ಬೆಲ್ಲ ಹಚ್ಚುವುದು, ಅದಕ್ಕೂ ಬಗ್ಗದಿದ್ದರೆ ಹತ್ತಿರದಲ್ಲಿ ಎಲ್ಲಾದರೂ ಕೊಯ್ಯಿಸಿಕೊಂಡು ಬರುವುದು ನಮ್ಮ ಮಲೆನಾಡಿನ ಮನೆಗಳಲ್ಲಿ ಇನ್ನೂ ನಡೆದುಕೊಂಡು ಬಂದಿದೆ. ಇದರಿಂದ ಮಕ್ಕಳು ಪಡುವ ಪಾಡನ್ನು ಶಿಕ್ಷಕಿಯಾಗಿ ಕಂಡಿರುವ ನಾನು ಪೋಷಕರ ಮತ್ತು ಆರೋಗ್ಯ ಇಲಾಖೆಯ ಗಮನಕ್ಕೆ ಈ ಮಾತುಗಳನ್ನು ತರಬಯಸುತ್ತೇನೆ.

ನಮ್ಮ ನೆರೆಮನೆಯ ಬಾಲಕನಿಗೆ ಕುತ್ತಿಗೆಯ ನಟ್ಟನಡುವೆ ಅಡಿಕೆ ಗಾತ್ರದ ಗಂಟಿತ್ತು. ನಾಲಿಗೆ ಹೊರಚಾಚಿದರೆ ಅದು ಮೇಲಕ್ಕೆ ಸರಿಯುತ್ತಿತ್ತು. ಕೀವಾಗಿದೆಯೆಂದು ಒಂದು ಕ್ಲಿನಿಕ್ಕಿನಲ್ಲಿ ಕೊಯ್ದು ಪಟ್ಟಿ ಕಟ್ಟಿ ಕಳಿಸಿದರು. ಗಾಯ ಮಾಯ್ದಂತೆ ಕಂಡರೂ ಅದೇ ಜಾಗದಲ್ಲಿ ಮತ್ತೆ ಸೋರತೊಡಗಿ, ಅಂಗಿಯ ಕಾಲರಿಗೆ ಕಲೆಯಾಗುತ್ತದೆಂದು ಹುಡುಗ ಶಾಲೆಗೆ ಹೋಗಲು ಅಳುತ್ತಿದ್ದ. ಅದು ಕುರುವಾಗಿರಲೇ ಇಲ್ಲ. ಮಗು ಗರ್ಭದಲ್ಲಿರುವಾಗ ಥೈರಾಯ್ಡ್ ಗ್ರಂಥಿ ನಾಲಿಗೆಯ ಬುಡದಿಂದ ಕುತ್ತಿಗೆಗೆ ಇಳಿದು ಬರುವ ದಾರಿ ಪೂರ್ತಿ ಮುಚ್ಚಿಕೊಳ್ಳದೆ ಉಳಿದರೆ ಆಗುವ ಥೈರೋಗ್ಲಾಸಲ್ ಸಿಸ್ಟ್ (ದ್ರವ ತುಂಬಿದ ಚೀಲ) ಅದಾಗಿತ್ತು. ಇಂಥ ಗಂಟಿನ ಜೊತೆಗೆ ಕುತ್ತಿಗೆಯ ಮೇಲ್ಭಾಗದಲ್ಲಿರುವ ಹಯಾಯ್ಡ್ ಎಂಬ ಸಣ್ಣ ಮೂಳೆಯ ನಡುಭಾಗವನ್ನೂ ಅಲ್ಲಿಂದ ನಾಲಿಗೆಯ ಬುಡದವರೆಗೆ ಉಳಿದಿರುವ ಆ ದಾರಿಯ ಎಳೆಯನ್ನೂ ತೆಗೆಯದಿದ್ದರೆ ಅದು ಮರುಕಳಿಸುವ ಸಂಭವ ಹೆಚ್ಚೆಂದು ಸಿಸ್ಟ್ರಂಕ್ ಎಂಬ ಅಮೆರಿಕದ ಶಸ್ತ್ರವೈದ್ಯರು 1920ರಲ್ಲೇ ತೋರಿಸಿಕೊಟ್ಟಿದ್ದಾರೆ. ಆಪರೇಷನ್ನಿಗೂ ಮೊದಲು ಅಲ್ಟ್ರಾಸೌಂಡ್ ಮಾಡಿ ಥೈರಾಯ್ಡ್ ತನ್ನ ಜಾಗದಲ್ಲಿದೆಯೇ ಎಂದು ನೋಡಲೇಬೇಕು. ಅಪರೂಪಕ್ಕೆ ಆ ಗಂಟೇ ಮಗುವಿಗಿರುವ ಏಕೈಕ ಥೈರಾಯ್ಡ್ ಆಗಿರುತ್ತದೆ.

ಹುಬ್ಬಿನ ಹೊರತುದಿಯಲ್ಲಿ ಏಳುವ, ಚರ್ಮದಡಿಯ ಚೀಲದಂಥ ಡರ್ಮಾಯ್ಡ್ ಗಂಟು ಸಾಮಾನ್ಯವಾಗಿ ಅಪಾಯಕಾರಿಯಲ್ಲ, ಚೀಲ ಒಡೆಯದಂತೆ ಇಡಿಯಾಗಿ ತೆಗೆದರೆ ಮುಗಿಯಿತು. ಆದರೆ ಮೂಗಿನ ಮೇಲೆ ನಡುಗೆರೆಯಲ್ಲಿರುವ ಗಂಟಿಗೆ ಮಿದುಳಿನವರೆಗೆ, ಸೊಂಟದ ಕೆಳಗೆ ಬೆನ್ನುಮೂಳೆಯ ಮೇಲಿರುವ ಕೊಬ್ಬಿನ ಗಂಟಿಗೆ ಬೆನ್ನುಹುರಿಯವರೆಗೆ ಸಂಬಂಧವಿರಬಹುದಾದ್ದರಿಂದ, ಎಂಆರ್‌ಐ ಮಾಡಿಸದೆ ಅವುಗಳಿಗೆ ಸೂಜಿಯನ್ನೂ ತಾಗಿಸಬಾರದು. ಎಲ್ಲ ಗಂಟಿಗೂ ಆಪರೇಷನ್ ಬೇಕೆಂದೇನೂ ಅಲ್ಲ: ಹಸುಗೂಸುಗಳ ಕೆಂಪು ರಕ್ತನಾಳದ ಗಂಟು ಮೊದಲ ತಿಂಗಳುಗಳಲ್ಲಿ ಬೆಳೆದು ಆಮೇಲೆ ತಾನಾಗಿಯೇ ಕುಗ್ಗುತ್ತದೆ, ಆದರೆ ಕಣ್ಣು, ಮೂಗು, ತುಟಿಯ ಬಳಿ ಇದ್ದರೆ ಅಥವಾ ಹುಣ್ಣಾದರೆ ಬೇಗ ವೈದ್ಯರಿಗೆ ತೋರಿಸಬೇಕು. ಶೀತ, ಗಂಟಲುನೋವಿಗೆ ಏಳುವ ಕುತ್ತಿಗೆಯ ಗಂಟು ವಾರಗಳು ಕಳೆದರೂ ಇಳಿಯದೆ ದೊಡ್ಡದಾಗುತ್ತಿದ್ದರೆ ಕ್ಷಯದ ತಪಾಸಣೆ ಆಗಬೇಕು.

ಅರಿವಳಿಕೆ ಕೊಡುತ್ತಾರೆಂದು ತಾಯಂದಿರು ಹೆದರುವುದು ಸಹಜ. ಎಷ್ಟು ಹೊತ್ತು ಊಟ, ಹಾಲು, ನೀರು ಕೊಡಬಾರದೆಂದು ಹೇಳಿದ್ದನ್ನು ಚಾಚೂತಪ್ಪದೆ ಪಾಲಿಸಿದರೆ, ಮಕ್ಕಳ ಅರಿವಳಿಕೆಯಲ್ಲಿ ಪಳಗಿದವರ ಕೈಯಲ್ಲಿ ಅದು ಸುರಕ್ಷಿತ. ತೆಗೆದ ಗಂಟನ್ನು ಬಯಾಪ್ಸಿಗೆ ಕಳಿಸಿದ್ದಾರೆಯೇ ಎಂದು ಕೇಳಿ ವರದಿ ಪಡೆಯುವುದು ಪೋಷಕರ ಹಕ್ಕು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದಾಗ ಮಕ್ಕಳ ಕುತ್ತಿಗೆ ಮತ್ತು ಬೆನ್ನನ್ನು ಅಂಗಿ ಸರಿಸಿ ನೋಡಲಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಕೂಲಿ ಬಿಟ್ಟು, ಮಳೆಗಾಲದಲ್ಲಿ ಬಸ್ಸು ತಪ್ಪಿಸಿಕೊಂಡು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಅಲೆಯುವುದು ಬಡವರಿಗೆ ಸುಲಭವಲ್ಲ. ಆದ್ದರಿಂದ ಹೊಸನಗರ, ತೀರ್ಥಹಳ್ಳಿ, ಸಾಗರದ ತಾಲ್ಲೂಕು ಆಸ್ಪತ್ರೆಗಳಿಗೆ ಮಕ್ಕಳ ಶಸ್ತ್ರಚಿಕಿತ್ಸಕರು ತಿಂಗಳಿಗೊಮ್ಮೆಯಾದರೂ ನಿಗದಿತ ದಿನದಂದು ಬರುವಂತೆ ಜಿಲ್ಲಾಡಳಿತ ವ್ಯವಸ್ಥೆ ಮಾಡಬೇಕು, ಆ ದಿನಾಂಕವನ್ನು ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ಮುಂಚಿತವಾಗಿ ತಿಳಿಸಬೇಕು ಎಂದು ಕೋರುತ್ತೇನೆ.

– ನಿವೃತ್ತ ಶಿಕ್ಷಕಿ, ಹೊಸನಗರ ತಾಲ್ಲೂಕು