ಶಾಬಾನರನ್ನು ಪಕ್ಕಕ್ಕಿಡಬೇಡ

ಚಿ. ಮೈತ್ರಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಕಾಗದ ತಲುಪಿತು. ಟಾಂಜಾನಿಯಾದ ದಾರ್ ಎಸ್ ಸಲಾಮಿಗೆ ಹೋದವಳು ಸ್ವಾಹಿಲಿ ಕಲಿತು ಕಾದಂಬರಿಗಳನ್ನೇ ಓದತೊಡಗಿದ್ದೀಯೆ ಎಂದು ತಿಳಿದು ಹಿಗ್ಗಿದೆ. ಆ ಊರಿನಲ್ಲಿ ನಾನು ಕೆಲಸದಲ್ಲಿದ್ದಾಗ ಸಂಜೆಯ ಹೊತ್ತಿಗೆ ಜೊತೆಯಾಗಿದ್ದವು ಈ ಪುಸ್ತಕಗಳೇ. ಆದರೆ ಆ ನಾಡಿನ ಇಬ್ಬರು ಕಾದಂಬರಿಕಾರರ ಬಗ್ಗೆ ‘ಕೆಜಿಲಹಾಬಿ ನಿಜ ಹೇಳುತ್ತಾರೆ, ಶಾಬಾನ್ ರಾಬರ್ಟ್ ಬರೀ ಉಪದೇಶ ಮಾಡುತ್ತಾರೆ, ಒಳ್ಳೆಯತನ ಗೆಲ್ಲುವುದು ಕಥೆಯಲ್ಲಿ ಮಾತ್ರ’ ಎಂದು ಬರೆದಿದ್ದೀಯಲ್ಲ, ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ.

ಶಾಬಾನ್ ಹುಟ್ಟಿದ್ದು 1909ರಲ್ಲಿ, ಟಾಂಗಾದ ಹತ್ತಿರ. ಬ್ರಿಟಿಷರ ಆಡಳಿತದಲ್ಲಿ ಸುಂಕದ ಇಲಾಖೆಯಲ್ಲಿ ಗುಮಾಸ್ತರಾಗಿದ್ದರು, ಮುಂದೆ ಭೂಮಾಪನ ಕಚೇರಿಗೆ ಬಂದರು. ಪರರ ಆಳ್ವಿಕೆಯ ಕಡತಗಳನ್ನು ಬರೆಯುತ್ತಲೇ ಅವರು ‘ಕುಸಾದಿಕಿಕಾ’ ಕಾದಂಬರಿಯನ್ನೂ ಬರೆದರು; ಅದು ಅಚ್ಚಾದದ್ದು 1951ರಲ್ಲಿ. ಗಾಳಿಯಲ್ಲಿ ತೇಲುವ ಕುಸಾದಿಕಿಕಾ ಎಂಬ ರಾಜ್ಯದಲ್ಲಿ ಕರಾಮಾ ಎಂಬ ಯುವಕ ಜನರಿಗೆ ಕಾನೂನಿನ ವಿದ್ಯೆ ಕಲಿಸಹೊರಟದ್ದೇ ಅಪರಾಧವಾಗುತ್ತದೆ. ಮಂತ್ರಿ ಮಜಿವುನೋ ಆರೋಪ ಹೊರಿಸುತ್ತಾನೆ. ಕರಾಮಾ ತನ್ನ ಜೀವಕ್ಕಾಗಿ ಅಂಗಲಾಚುವುದಿಲ್ಲ. ಹಿಂದೆ ರಾಜ್ಯವೇ ಹೊರಗೆ ಕಳಿಸಿದ್ದ ಆರು ಮಂದಿ ದೂತರ ಕಥೆ ಹೇಳತೊಡಗುತ್ತಾನೆ. ಒಬ್ಬೊಬ್ಬರೂ ಕಷ್ಟಪಟ್ಟು ದೂರ ಹೋಗಿ, ಅಲ್ಲಿ ಕಂಡ ಒಳ್ಳೆಯದನ್ನು ನಾಡಿಗೆ ತಂದರು. ಒಬ್ಬೊಬ್ಬರನ್ನೂ ನಾಡು ಸೆರೆಮನೆಗೆ ತಳ್ಳಿತು. ಮೂರನೆಯ ದೂತನ ಕಥೆ ಮುಗಿಯುವ ಹೊತ್ತಿಗೆ ಕಟಕಟೆಯಲ್ಲಿ ನಿಂತಿರುವುದು ಕರಾಮಾನಲ್ಲ, ಆ ರಾಜ್ಯವೇ ಎಂದು ನಮಗೆ ಅರಿವಾಗಿಬಿಡುತ್ತದೆ. ಕೊನೆಗೆ ಬಿಡುಗಡೆ ಸಿಗುತ್ತದೆ, ನಿಜ. ನೀನು ಹಿಡಿದುಕೊಂಡದ್ದು ಆ ಬಿಡುಗಡೆಯನ್ನು ಮಾತ್ರ. ಸೆರೆಯಲ್ಲಿ ಕೊಳೆತ ಆರು ಜನರ ವರ್ಷಗಳನ್ನೂ ಲೆಕ್ಕಕ್ಕೆ ತೆಗೆದುಕೋ, ಮಗಳೇ. ಅದನ್ನು ಗೆಲುವು ಎನ್ನಲು ನನಗಂತೂ ನಾಲಗೆ ಏಳುವುದಿಲ್ಲ.

ಆತ್ಮಕಥೆ ‘ಮೈಶಾ ಯಾಂಗು’ವನ್ನೂ ಹುಡುಕಿ ಓದು. ಹೆಂಡತಿ ಅಮೀನಾ ತೀರಿಕೊಂಡ ದುಃಖ ಅಲ್ಲಿದೆ. ಮಗಳಿಗೊಂದು, ಮಗನಿಗೊಂದು ಎಂದು ಅವರು ಬರೆದ ಹಿತವಚನದ ದೀರ್ಘ ಪದ್ಯಗಳೂ ಅದರಲ್ಲಿವೆ. ತಾಯಿಯಿಲ್ಲದ ಮಕ್ಕಳಿಗೆ ತಂದೆ ಹೇಳುವ ಮಾತನ್ನು ಬರೀ ಉಪದೇಶ ಎಂದು ತಳ್ಳಿಹಾಕಲು ನಿನಗೂ ಮನಸ್ಸು ಬಾರದು.

ಕೆಜಿಲಹಾಬಿಯವರ ಬಗ್ಗೆ ನನ್ನ ಗೌರವ ಕಡಿಮೆಯಿಲ್ಲ. ವಿಕ್ಟೋರಿಯಾ ಸರೋವರದ ಉಕೆರೆವೆ ದ್ವೀಪದಲ್ಲಿ 1944ರಲ್ಲಿ ಹುಟ್ಟಿದವರು. 1971ರ ‘ರೋಸಾ ಮಿಸ್ತಿಕಾ’ವನ್ನು ಶಾಲೆಗಳಲ್ಲಿ ನಿಷೇಧಿಸಿದರು. ನನ್ನನ್ನು ಹೆಚ್ಚು ಕಾಡಿದ್ದು 1975ರ ‘ದುನಿಯಾ ಉವಾಂಜಾ ವಾ ಫೂಜೋ’. ಅದರ ನಾಯಕ ತುಮೈನಿ ಹಿರಿಯರ ಆಸ್ತಿಯನ್ನು ಪೋಲು ಮಾಡಿ, ಆಮೇಲೆ ಬುದ್ಧಿ ಕಲಿತು, ಬೆವರು ಸುರಿಸಿ ದೊಡ್ಡ ಬೇಸಾಯ ಕಟ್ಟುತ್ತಾನೆ. ಉಜಾಮಾ, ಅಂದರೆ ಹಳ್ಳಿಗಳಲ್ಲಿ ಎಲ್ಲರೂ ಒಟ್ಟಾಗಿ ದುಡಿಯಬೇಕೆಂಬ ಸರ್ಕಾರದ ಸಮಾಜವಾದಿ ನೀತಿ, ಬಂದು ಆ ಜಮೀನು ಕೈತಪ್ಪುತ್ತದೆ. ಅವನು ಅಧಿಕಾರಿಯನ್ನು ಕೊಂದು ಗಲ್ಲಿಗೇರುತ್ತಾನೆ. ಶಾಬಾನರ ಇನ್ನೊಂದು ಕಾದಂಬರಿಯ ನಾಯಕ ಉತುಬೊರಾ ನೌಕರಿ ಬಿಟ್ಟು ಮಣ್ಣಿಗೆ ಮರಳಿ ನೆಮ್ಮದಿ ಕಂಡವನು. ತುಮೈನಿಗೆ ಅದೇ ಮಣ್ಣು ಮುಳುವಾಯಿತು. ಸಮಾಜವಾದವೇ ನಾಡಿನ ಧರ್ಮವೆಂದು 1967ರ ಅರುಷಾ ಘೋಷಣೆ ಸಾರಿದ್ದ ಕಾಲ, ಒಂದೇ ಪಕ್ಷದ ಆಡಳಿತ. ಸರ್ಕಾರಿ ವಿಶ್ವವಿದ್ಯಾಲಯದ ಮೇಷ್ಟರೊಬ್ಬರು ಅಂಥ ಹೊತ್ತಿನಲ್ಲಿ ಈ ಕಥೆ ಬರೆದರು. ಪರರ ಸರ್ಕಾರದ ಕೆಳಗೆ ಶಾಬಾನ್ ಮಾಡಿದ್ದನ್ನೇ ಇವರು ತಮ್ಮವರ ಸರ್ಕಾರದ ಕೆಳಗೆ ಮಾಡಿದರು. ಆದ್ದರಿಂದ ಇವರಿಬ್ಬರನ್ನು ಎದುರಾಳಿಗಳಂತೆ ನಿಲ್ಲಿಸುವುದು ಸರಿಯಲ್ಲ.

ಹಾಗೆಂದು ತುಮೈನಿಯ ಪರವಾಗಿಯೂ ಆತುರದಲ್ಲಿ ನಿಲ್ಲಬೇಡ. ಅವನ ದುಃಖ ನಿಜ, ಕೊಲೆಯೂ ನಿಜ. ಜಮೀನೇ ಇಲ್ಲದವರಿಗೆ ಉಜಾಮಾ ಎಷ್ಟು ದೊಡ್ಡ ಆಸೆಯಾಗಿತ್ತು ಎಂಬುದನ್ನೂ, 1973ರ ನಂತರ ಜನರನ್ನು ಒತ್ತಾಯದಿಂದ ಹೊಸ ಹಳ್ಳಿಗಳಿಗೆ ಸಾಗಿಸಿದಾಗ ಏನೇನಾಯಿತು ಎಂಬುದನ್ನೂ ಕಂಡವರು ನಿನ್ನ ನೆರೆಹೊರೆಯಲ್ಲೇ ಇದ್ದಾರು. ಹಿರಿಯರಿಗೆ ಮೊದಲು ‘ಶಿಕಮೂ’ ಎಂದು ನಮಸ್ಕಾರ ಹೇಳು, ಅವರು ‘ಮರಹಬಾ’ ಎಂದು ಮರುನುಡಿದ ಮೇಲೆ ಕೂತು ಮಾತಿಗೆ ಇಳಿ. ಪುಸ್ತಕ ಸರಿಯೋ ತಪ್ಪೋ ಎಂದು ಕೇಳಬೇಡ. ಅವರ ಜಮೀನು ಎಲ್ಲಿತ್ತು, ಯಾವಾಗ ಹೊರಟರು, ಯಾರು ಜೊತೆಗಿದ್ದರು ಎಂದು ಕೇಳು. ಅವರು ಹೇಳುವಷ್ಟನ್ನೂ ಕೇಳಿಸಿಕೊಂಡು, ಆಮೇಲೆ ‘ಕುಸಾದಿಕಿಕಾ’, ‘ದುನಿಯಾ ಉವಾಂಜಾ ವಾ ಫೂಜೋ’ ಎರಡನ್ನೂ ಮತ್ತೊಮ್ಮೆ ಓದಿ ನನಗೆ ಬರೆ. ಆಗಲೂ ನಿನ್ನ ಅಭಿಪ್ರಾಯ ಇದೇ ಆಗಿದ್ದರೆ ನಾನು ತಕರಾರು ತೆಗೆಯುವುದಿಲ್ಲ.

ಇಂತಿ,
ನಿನ್ನ ದೊಡ್ಡಪ್ಪ